ಬ್ರೇಕ್ ಟೀಚರ್ ಗೇಮಿಂಗ್ ಕಂಪ್ಯೂಟರ್ ಕೊಂಡದ್ದು

ಬಡಾವಣೆಯಲ್ಲಿ ಆಕೆಯನ್ನು ಬ್ರೇಕ್ ಟೀಚರ್ ಎಂದೇ ಕರೆಯುತ್ತಿದ್ದರು. ಮಕ್ಕಳು ಎದುರಿಗೇ ಕರೆಯುತ್ತಿದ್ದರು, ದೊಡ್ಡವರು ಬೆನ್ನ ಹಿಂದೆ. ಆಕೆಗೆ ಎರಡೂ ಗೊತ್ತಿತ್ತು, ಎರಡಕ್ಕೂ ಬೇಸರವಿರಲಿಲ್ಲ. ಡ್ರೈವಿಂಗ್ ಶಾಲೆಯ ಬಿಳಿ ಕಾರಿನಲ್ಲಿ, ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲ ಬುಡದಲ್ಲಿರುವ ಎರಡನೆಯ ಬ್ರೇಕನ್ನು ಹೊತ್ತಿಗೆ ಸರಿಯಾಗಿ ಒತ್ತುವುದು ಆಕೆಯ ಕಸುಬು. ಪ್ರಾಯವೆಲ್ಲ ಆ ಸೀಟಿನಲ್ಲೇ ಕಳೆದಿತ್ತು. ಬಲಗಾಲಿನ ಚಪ್ಪಲಿ ಎಡಗಾಲಿನದಕ್ಕಿಂತ ಮೊದಲೇ ಸವೆಯುತ್ತಿತ್ತು. ಬಸ್ಸಿನಲ್ಲಿ ಕೂತಾಗಲೂ ತಿರುವು ಬಂದರೆ ಪಾದ ತಾನಾಗಿ ನೆಲ ಒತ್ತುತ್ತಿತ್ತು. ನಿದ್ದೆಯಲ್ಲಿ ಒಮ್ಮೊಮ್ಮೆ ಬ್ರೇಕ್ ಹಾಕಿ ಗಂಡನ ಮೊಣಕಾಲಿಗೆ ಒದ್ದದ್ದೂ ಉಂಟು.

"ಈಗ ಯಾರು ಅಡ್ಡ ಬಂದ್ರು?" ಎಂದು ಗಂಡ ಕಣ್ಣು ಮುಚ್ಚಿಕೊಂಡೇ ಕೇಳುತ್ತಿದ್ದ.

"ಸೈಕಲ್ಲು," ಎಂದು ಆಕೆಯೂ ನಿದ್ದೆಗಣ್ಣಲ್ಲೇ ಹೇಳಿ ಮಗ್ಗುಲು ಬದಲಿಸುತ್ತಿದ್ದಳು.

ಊರಿನ ಅರ್ಧ ಮಂದಿಗೆ ಗಾಡಿ ಕಲಿಸಿದವಳು ತಾನು ಮಾತ್ರ ನಲವತ್ತರ ವೇಗ ದಾಟಿದವಳಲ್ಲ. ಶಾಲೆಯ ಕಾರಿಗೆ ಅಷ್ಟೇ ಅಪ್ಪಣೆ. ಸ್ವಂತ ಕಾರು ಇರಲಿಲ್ಲ. ಗಂಡನ ಕನ್ನಡಕದ ಅಂಗಡಿ ಮನೆಯ ಕೆಳಗೇ ಇತ್ತು, ಮೇಲಿನ ಮೂರು ಕೋಣೆಗಳಲ್ಲಿ ಗಂಡ, ಹೆಂಡತಿ, ಅತ್ತೆ. ಮೆಟ್ಟಿಲು ಹತ್ತಿ ಇಳಿಯುವ ಸಂಸಾರಕ್ಕೆ ಕಾರು ಯಾಕೆ ಎಂದು ಯಾರೂ ಆ ಮಾತು ಎತ್ತಿರಲಿಲ್ಲ. ಆಕೆಗೂ ಅದೊಂದು ಕೊರತೆ ಅನ್ನಿಸಿರಲಿಲ್ಲ, ಆ ಭಾನುವಾರದವರೆಗೆ.

ಅಂದು ಆಕೆ ತಂಗಿಯ ಮನೆಗೆ ಹೋಗಿದ್ದಳು. ತಂಗಿ ಮಗಳು ಸೇತುವೆಗಳ ನಕ್ಷೆ ಬರೆಯುವುದನ್ನು ಓದುತ್ತಿದ್ದ ಹುಡುಗಿ, ಅರಳು ಹುರಿದಂತೆ ಮಾತು. ಅವಳ ಕೋಣೆಯಲ್ಲಿ ಮೇಜಿಗೆ ಕಚ್ಚಿಸಿದ ಸ್ಟೀರಿಂಗು, ಕೆಳಗೆ ಮೂರು ಪೆಡಲ್ಲು, ಮುಂದೆ ಅಗಲವಾದ ಪರದೆ, ಪಕ್ಕದಲ್ಲಿ ಗಾಜಿನ ಬಾಗಿಲಿನ ಪೆಟ್ಟಿಗೆಯೊಳಗೆ ಗಿರ್ರೆನ್ನುವ ಫ್ಯಾನುಗಳು.

"ದೊಡ್ಡಮ್ಮ, ಒಂದು ರೌಂಡು ಓಡಿಸಿ ನೋಡಿ," ಎಂದಳು ಹುಡುಗಿ.

ಟೀಚರ್ ಮೊದಲು ಕುರ್ಚಿಯನ್ನು ಹಿಂದೆ ಮುಂದೆ ಸರಿಸಿ ಸರಿಮಾಡಿಕೊಂಡಳು. ಆಮೇಲೆ ಪರದೆಯೊಳಗಿನ ಕನ್ನಡಿ ನೋಡಿದಳು. ಸೀಟ್ ಬೆಲ್ಟಿಗೆಂದು ಭುಜದ ಮೇಲೆ ಕೈ ಹೋಯಿತು, ಸಿಗಲಿಲ್ಲ, ಸುಮ್ಮನಾದಳು. ಹಸಿರು ದೀಪ ಬಿದ್ದದ್ದೇ ಸುತ್ತಲಿನ ಕಾರುಗಳೆಲ್ಲ ಕಲ್ಲು ಬಿದ್ದ ಜೇನುಗೂಡಿನಿಂದ ಎದ್ದ ಹಾಗೆ ಹಾರಿಹೋದವು. ಟೀಚರ್ ಎಡಕ್ಕೆ ನೋಡಿ, ಬಲಕ್ಕೆ ನೋಡಿ, ನಿಧಾನ ಕ್ಲಚ್ ಬಿಟ್ಟು ಹೊರಟಳು. ಒಂದು ಸುತ್ತು ಮುಗಿಸಿ ಹಿಂದಿನಿಂದ ಬಂದ ಕಾರುಗಳಿಗೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

"ದೊಡ್ಡಮ್ಮ, ದಾರಿ ಬಿಡಬೇಕಾಗಿಲ್ಲ."

"ಪಾಪ, ಏನು ಅವಸರವೋ."

"ಅವರು ಮನುಷ್ಯರೇ ಅಲ್ಲ. ಕಂಪ್ಯೂಟರೇ ಓಡಿಸ್ತಾ ಇರೋದು."

"ಒಳಗೆ ಯಾರೂ ಇಲ್ವಾ?"

"ಒಂದು ನರಪಿಳ್ಳೆನೂ ಇಲ್ಲ."

"ಗುದ್ದಿದ್ರೆ?"

"ಮತ್ತೆ ಮೊದಲಿಂದ."

ಟೀಚರ್ ಕುರ್ಚಿಯನ್ನು ಇನ್ನಷ್ಟು ಮುಂದೆ ಎಳೆದುಕೊಂಡಳು. ಒಂದು ಚಪ್ಪಲಿ ಕಳಚಿದಳು, ಇನ್ನೊಂದನ್ನೂ ಕಳಚಿದಳು. ನಾಲಗೆಯ ತುದಿ ತುಟಿಯ ಮೂಲೆಯಲ್ಲಿ ಇಣುಕಿತು. ಬಲಗಾಲು ಬ್ರೇಕಿನಿಂದ ಎದ್ದು ಪಕ್ಕದ ಪೆಡಲಿನ ಮೇಲೆ ಹೋಗಿ, ಇಳಿಯಿತು, ಇನ್ನೂ ಇಳಿಯಿತು, ಇಳಿಯಲು ಜಾಗವೇ ಉಳಿಯದಷ್ಟು ಇಳಿಯಿತು. ನೂರು ದಾಟಿತು. ನೂರೈವತ್ತು. ಮರಗಳು ಹಸಿರು ಗೆರೆಯಾದವು. ಇನ್ನೂರು ದಾಟಿದಾಗ ಆಕೆಯ ಗಂಟಲಿನಿಂದ ಒಂದು ಸದ್ದು ಬಂತು. ಅಡುಗೆಮನೆಯಲ್ಲಿದ್ದ ತಂಗಿ, ಅಕ್ಕನಿಗೆ ಏನೋ ಆಗಿಹೋಯಿತೆಂದು ಕೈಯಲ್ಲಿದ್ದ ಸೌಟು ಸಮೇತ ಓಡಿಬಂದಳು. ನೋಡಿದರೆ ಅಕ್ಕ ನಗುತ್ತಿದ್ದಾಳೆ. ಚಿಕ್ಕವರಿದ್ದಾಗ ಉಯ್ಯಾಲೆಯಲ್ಲಿ ನಕ್ಕ ನಗು, ಆಮೇಲೆ ಆ ಮನೆತನದಲ್ಲಿ ಯಾರೂ ಕೇಳದಿದ್ದ ನಗು. ಮುಂದಿನ ತಿರುವಿನಲ್ಲಿ ಕಾರು ಗೋಡೆಗೆ ಬಡಿದು ಮೂರು ಪಲ್ಟಿ ಹೊಡೆಯಿತು. ಟೀಚರ್ ಹೊಟ್ಟೆ ಹಿಡಿದುಕೊಂಡು ಮೇಜಿನ ಮೇಲೆ ತಲೆ ಇಟ್ಟಳು.

"ಮೊದಲಿಂದ ಹಾಕು," ಎಂದಳು, ಕಣ್ಣೀರು ಒರೆಸಿಕೊಳ್ಳುತ್ತ.

ಒಂದು ರೌಂಡಿಗೆಂದು ಕೂತವಳು ಎದ್ದದ್ದು ದೀಪ ಹಚ್ಚುವ ಹೊತ್ತಿಗೆ. ಮನೆಗೆ ಬರುವಾಗ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಗಂಡ ಅಂಗಡಿಯಲ್ಲಿ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಯಾರದೋ ಕನ್ನಡಕದ ಕಾಲು ಕೂರಿಸುತ್ತಿದ್ದ.

"ರೀ, ನನಗೊಂದು ಕಂಪ್ಯೂಟರು ಬೇಕು. ಗೇಮಿಂಗ್ ಕಂಪ್ಯೂಟರು."

"ಯಾರಿಗೆ?" ಎಂದ ಗಂಡ.

"ನನಗೆ ಅಂದ್ನಲ್ಲ."

"ಅದೇ, ಕೊಡೋದು ಯಾರಿಗೆ?"

"ಯಾರಿಗೂ ಕೊಡಲ್ಲ. ನಾನೇ ಆಡೋದು."

ಗಂಡ ಭೂತಗನ್ನಡಿ ತೆಗೆಯದೆ ತಲೆ ಎತ್ತಿ ಹೆಂಡತಿಯನ್ನು ನೋಡಿದ. ಒಂದು ಕಣ್ಣಿಗೆ ಆಕೆಯ ಮೂಗು ಕುಂಬಳಕಾಯಿಯಷ್ಟು ಕಂಡಿರಬೇಕು, ಇನ್ನೊಂದು ಕಣ್ಣಿಗೆ ಮುಖದ ಕಳೆ ಕಂಡಿತು. ಆ ಕಳೆಯನ್ನು ಅವನು ಮದುವೆಯಾದ ಹೊಸತರಲ್ಲಿ ನೋಡಿದ್ದ. "ತಗೋ ಮತ್ತೆ. ಅದಕ್ಕೆ ನನ್ನನ್ನೇನು ಕೇಳ್ತೀಯ," ಎಂದು ತಿರುಗಿ ತಿರುಪಿಗೆ ಕೈ ಹಾಕಿದ. ಆಮೇಲೆ ಆ ತಿರುಪನ್ನು ಎರಡು ಸಲ ನೆಲಕ್ಕೆ ಬೀಳಿಸಿ ಹುಡುಕಿದ.

ಮೇಲೆ ಅತ್ತೆ ಒಬ್ಬರೇ ಕೂತು ಇಸ್ಪೀಟು ಎಲೆ ಹರವಿಕೊಂಡು ಆಡುತ್ತಿದ್ದರು. ಸೊಸೆ ಹೇಳಿದ್ದರಲ್ಲಿ ಅವರ ಕಿವಿಗೆ ಬಿದ್ದದ್ದು ಒಂದೇ ಮಾತು. "ಕಾರ್ಡು ಕೊಳ್ತೀಯಾ? ನನ್ನ ಹತ್ರ ಎರಡು ಕಟ್ಟಿದೆಯಲ್ಲ, ಒಂದು ತಗೋ."

"ಇದು ಬೇರೆ ಕಾರ್ಡು ಅತ್ತೆ. ಗ್ರಾಫಿಕ್ಸ್ ಕಾರ್ಡು."

"ಅದರಲ್ಲಿ ಎಷ್ಟು ಎಲೆ?"

"ಒಂದೇ."

"ಒಂದೇ ಎಲೇಲಿ ಎಂಥ ಆಟ," ಎಂದು ಅತ್ತೆ ರಾಣಿಯ ಮೇಲೆ ರಾಜನನ್ನು ಇಟ್ಟರು.

ತಂಗಿ ಮಗಳು ಫೋನಿನಲ್ಲಿ ಹೇಳಿದ್ದು ಇಷ್ಟು: ಎರಡನ್ನು ಆರಿಸಿಕೊಂಡರೆ ಅರ್ಧ ಕೆಲಸ ಆದ ಹಾಗೆ. ಒಂದು ಪ್ರೊಸೆಸರ್, ಇನ್ನೊಂದು ಗ್ರಾಫಿಕ್ಸ್ ಕಾರ್ಡು. ಉಳಿದದ್ದೆಲ್ಲ ಅವೆರಡಕ್ಕೆ ತಕ್ಕಂತೆ. "ಆದರೆ ದೊಡ್ಡಮ್ಮ, ಯಾರನ್ನೂ ಕೇಳೋಕೆ ಹೋಗಬೇಡಿ. ಹತ್ತು ಜನರನ್ನ ಕೇಳಿದ್ರೆ ಹನ್ನೊಂದು ಮಾತು ಹೇಳ್ತಾರೆ."

ಟೀಚರ್ ಎಲ್ಲರನ್ನೂ ಕೇಳಿದಳು. ದಿನಕ್ಕೆ ಏಳೆಂಟು ಮಂದಿ ಒಬ್ಬೊಬ್ಬರಾಗಿ ಬಂದು ಪಕ್ಕದಲ್ಲಿ ಕೂತು, ತಪ್ಪಿಸಿಕೊಂಡು ಓಡಲಾಗದ ಸ್ಥಿತಿಯಲ್ಲಿರುವಾಗ ಕೇಳದೆ ಬಿಡುವುದು ಹೇಗೆ. ಹೂವಿನ ಅಂಗಡಿಯವಳು ತನ್ನ ಮೈದುನ ಕೆಂಪು ಡಬ್ಬದಲ್ಲಿ ಬರುವ ಕಂಪನಿಯ ಪ್ರೊಸೆಸರಿಗೆ ಪ್ರಾಣ ಬಿಡುತ್ತಾನೆ ಎಂದಳು. ಔಷಧಿ ಅಂಗಡಿಯವನು ನೀಲಿ ಡಬ್ಬದ್ದು ಬಿಟ್ಟು ಬೇರೆಯದನ್ನು ಮನೆಯ ಹೊಸ್ತಿಲು ದಾಟಿಸಬೇಡಿ ಎಂದು ಕೆಂಪು ದೀಪದ ಮುಂದೆ ಸ್ಟೀರಿಂಗು ಬಿಟ್ಟು ಕೈಮುಗಿದ. ಈಜು ಕಲಿಸುವಾಕೆ, ಈಗ ಕೊಳ್ಳಲೇಬೇಡಿ, ಸ್ವಲ್ಪ ಕಾದರೆ ಇದಕ್ಕಿಂತ ಒಳ್ಳೆಯದು ಬರುತ್ತದೆ ಎಂದಳು. ಅದು ಬಂದ ಮೇಲೆ ಏನು ಎಂದು ಕೇಳಿದರೆ, ಆಗಲೂ ಸ್ವಲ್ಪ ಕಾಯಬೇಕು ಎಂದಳು. ಬೇರೆಯವರು ಕ್ಲಚ್ ಒತ್ತುವುದನ್ನೇ ಇಷ್ಟು ವರ್ಷ ಕಾದವಳಿಗೆ ಆ ಸಲಹೆ ರುಚಿಸಲಿಲ್ಲ.

ಕಡೆಗೆ ದಾರಿ ತೋರಿಸಿದವನು ಆಡಿಟರ್. ಆ ಶಾಲೆಯ ಚರಿತ್ರೆಯಲ್ಲೇ ಅಂಥ ಪುಕ್ಕಲು ವಿದ್ಯಾರ್ಥಿ ಬಂದಿರಲಿಲ್ಲ. ಇಸ್ತ್ರಿ ಮುರಿಯದ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ದೊಡ್ಡ ದೊಡ್ಡ ಕಂಪನಿಗಳ ಲೆಕ್ಕ ತಪಾಸಣೆ ಮಾಡಿ ಮಾಲೀಕರನ್ನು ನಡುಗಿಸುವ ಮನುಷ್ಯ. ಸ್ಟೀರಿಂಗ್ ಮುಂದೆ ಕೂತರೆ ಮಾತ್ರ ಅಂಗೈ ಬೆವತು ತೊಟ್ಟಿಕ್ಕುತ್ತಿತ್ತು. ಪೇಟೆಯ ನಡುವಿನ ವೃತ್ತ ಅವನಿಗೆ ಯಮಲೋಕದ ಬಾಗಿಲು. ಐದು ರಸ್ತೆ ಬಂದು ಸೇರುವ ಆ ವೃತ್ತಕ್ಕೆ ಬಂದಾಗಲೆಲ್ಲ ಗಾಡಿ ನಿಲ್ಲಿಸಿಬಿಡುತ್ತಿದ್ದ. ಹಿಂದಿನವರು ಹಾರನ್ ಬಾರಿಸಿದಷ್ಟೂ ಅವನ ಕಾಲು ಮರಗಟ್ಟುತ್ತಿತ್ತು. ಪರೀಕ್ಷೆಯಲ್ಲಿ ಮೂರು ಸಲ ಅಲ್ಲೇ ಫೇಲಾಗಿದ್ದ.

ಟೀಚರ್ ಅವನನ್ನು ಕೇಳಬಾರದೆಂದೇ ಇದ್ದಳು. ಬಾಯಿ ತಪ್ಪಿ ಬಂತು. "ನಿಮಗೆ ಈ ಪ್ರೊಸೆಸರು, ಗ್ರಾಫಿಕ್ಸ್ ಕಾರ್ಡು ಇದೆಲ್ಲ ಏನಾದ್ರೂ ಗೊತ್ತಾ?"

ಆಡಿಟರ್ ಕತ್ತು ಸ್ವಲ್ಪ ಎತ್ತಿದ. "ಯಾವ ಆಟಕ್ಕೆ?"

"ಕಾರ್ ರೇಸು."

"ನೀವಾ?"

"ಯಾಕೆ, ನಾನಾಗಬಾರದಾ?"

"ಛೆ ಛೆ, ಹಾಗಲ್ಲ. ನಾನೂ ಆಡ್ತೀನಿ," ಎಂದ, ಕಳ್ಳತನ ಒಪ್ಪಿಕೊಂಡವನಂತೆ. "ನನ್ನ ಮೆಷೀನು ನಾನೇ ಜೋಡಿಸಿದ್ದು. ನೋಡಿ, ಜನ ಎಲ್ಲಾ ದುಡ್ಡನ್ನೂ ತಗೊಂಡು ಹೋಗಿ ಕಾರ್ಡಿಗೇ ಸುರೀತಾರೆ. ಚೆನ್ನಾಗಿ ಕಾಣತ್ತಲ್ಲ, ಅದಕ್ಕೆ. ಕಾರ್ಡು ಚಿತ್ರ ಬರೆಯೋದು. ಆದರೆ ಏನು ಬರೀಬೇಕು ಅಂತ ಅದಕ್ಕೆ ಗೊತ್ತಿಲ್ಲ. ಇಪ್ಪತ್ತು ಕಾರಲ್ಲಿ ಯಾವುದು ಎಲ್ಲಿದೆ, ಯಾವ ಚಕ್ರ ಎಷ್ಟು ಜಾರಿತು, ಯಾರು ಯಾರಿಗೆ ತಾಗಿದ್ರು, ಅದನ್ನೆಲ್ಲ ಕೂತು ಲೆಕ್ಕ ಹಾಕೋದು ಪ್ರೊಸೆಸರು. ಲೆಕ್ಕ ಮುಗಿದ ಮೇಲೇನೇ ಕಾರ್ಡಿಗೆ ಅಪ್ಪಣೆ. ಲೆಕ್ಕ ತಡ ಆದ್ರೆ ಕಾರ್ಡು ಎಂಥ ಕುಸ್ತಿಪಟು ಆದ್ರೂ ಕೈಕಟ್ಟಿ ನಿಂತಿರಬೇಕು."

"ಹಾಗಾದ್ರೆ ಪ್ರೊಸೆಸರ್ ಮೇಲೇ ದುಡ್ಡು ಹಾಕೋದಾ?"

"ಅದೂ ತಪ್ಪು," ಎಂದು ಆಡಿಟರ್ ಒಂದು ಕೈಯಲ್ಲಿ ಗೇರ್ ಇಳಿಸಿದ. "ಲೆಕ್ಕ ಬೇಗ ಆಯ್ತು, ಬರೆಯೋನು ಸೋಮಾರಿ ಅಂದ್ರೆ ಏನು ಬಂತು? ಆಮೇಲೆ ಪರದೆ. ಪರದೆ ಎಷ್ಟು ದೊಡ್ಡದು ಅನ್ನೋದರ ಮೇಲೆ ಕಾರ್ಡು. ಮೊದಲು ಕನ್ನಡಿ, ಆಮೇಲೆ ಶೃಂಗಾರ." ಇಂಡಿಕೇಟರ್ ಹಾಕಿದ, ತಿರುಗಿಸಿದ, ಒಂದು ಲಾರಿಗೆ ದಾರಿ ಕೊಟ್ಟ, ಇನ್ನೊಂದರ ಮುಂದೆ ನಯವಾಗಿ ನುಗ್ಗಿದ. "ಎರಡಕ್ಕೂ ಜೋಡಿ ಕೂಡಬೇಕು. ಒಂದು ಓಡ್ತಾ ಇದ್ದು ಇನ್ನೊಂದು ಏದುಸಿರು ಬಿಡಬಾರದು."

ಟೀಚರ್ ಉಸಿರು ಬಿಗಿಹಿಡಿದು ಕೂತಿದ್ದಳು. ಆಕೆಯ ಕಾಲು ಬ್ರೇಕಿನ ಮೇಲಿರಲಿಲ್ಲ, ಸೀಟಿನ ಕೆಳಗಿತ್ತು. ವೃತ್ತ ಹಿಂದೆ ಉಳಿದು, ಅಂಚೆ ಕಚೇರಿ ದಾಟಿ, ಪೆಟ್ರೋಲ್ ಬಂಕೂ ದಾಟಿದ ಮೇಲೆ ಮೆಲ್ಲಗೆ ಹೇಳಿದಳು. "ಈಗ ನೀವು ವೃತ್ತ ದಾಟಿದ್ರಿ."

"ಯಾವ ವೃತ್ತ?"

"ಅದೇ ವೃತ್ತ."

ಆಡಿಟರ್ ಕನ್ನಡಿಯಲ್ಲಿ ಹಿಂದೆ ನೋಡಿದ. ವೃತ್ತ ಅಲ್ಲೇ ಇತ್ತು. ಮುಖ ಬಿಳಿಚಿಕೊಂಡಿತು, ಕಾರು ಎರಡು ಸಲ ಕೆಮ್ಮಿ ರಸ್ತೆಯ ನಡುವೆ ನಿಂತುಬಿಟ್ಟಿತು. ಹಿಂದೆ ಹಾರನ್ನುಗಳ ಮೇಳ ಶುರುವಾಯಿತು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಒಬ್ಬ ಪೊಲೀಸ್ ಬಂದು ಕಿಟಕಿ ತಟ್ಟುವವರೆಗೂ ನಕ್ಕರು.

ಅಂದಿನಿಂದ ಟೀಚರ್ ಅವನ ಪಾಠಕ್ಕೆ ಹೊಸ ಪದ್ಧತಿ ಹಿಡಿದಳು. ದಿನವೂ ವೃತ್ತ ಬರುವ ಮುಂಚೆ ಒಂದು ಪ್ರಶ್ನೆ. ಫ್ಯಾನು ಎಷ್ಟಿರಬೇಕು, ಕರೆಂಟಿನ ಡಬ್ಬ ಎಷ್ಟು ದೊಡ್ಡದಿರಬೇಕು, ಕಾರ್ಡಿಗೆ ಸ್ವಂತ ಮೆಮೊರಿ ಯಾಕೆ. ಉತ್ತರ ಮುಗಿಯುವಷ್ಟರಲ್ಲಿ ವೃತ್ತ ಮುಗಿದಿರುತ್ತಿತ್ತು. ನಾಲ್ಕನೆಯ ಪರೀಕ್ಷೆಯ ದಿನ ಆಡಿಟರ್ ತನ್ನಷ್ಟಕ್ಕೆ ಏನೋ ಗೊಣಗುತ್ತ ಐದೂ ರಸ್ತೆಗೆ ಹೋಗಿ ಬಂದನಂತೆ. ಪರೀಕ್ಷಾಧಿಕಾರಿ ಅದನ್ನು ಮಂತ್ರವೆಂದು ತಿಳಿದು ಗೌರವದಿಂದ ಸುಮ್ಮನಿದ್ದು ಪಾಸು ಮಾಡಿದ. ಲೈಸೆನ್ಸು ಕೈಗೆ ಬಂದ ಸಂತೋಷಕ್ಕೆ ಆಡಿಟರ್, "ಟೀಚರ್, ನಿಮ್ಮ ಮೆಷೀನು ಆರಿಸೋಕೆ ನಾನೂ ಬರ್ತೀನಿ," ಎಂದ.

ಹಾಗಾಗಿ ಶನಿವಾರ ಮಧ್ಯಾಹ್ನ ಕಂಪ್ಯೂಟರ್ ಅಂಗಡಿಗೆ ನಾಲ್ವರ ದಂಡು ಹೊರಟಿತು. ಟೀಚರ್, ಗಂಡ, ತಂಗಿ ಮಗಳು, ಆಡಿಟರ್. ಗಂಡನಿಗೆ ಅಲ್ಲೇನೂ ಕೆಲಸವಿರಲಿಲ್ಲ. ಅಂಗಡಿಗೆ ಬೀಗ ಹಾಕಿ, "ನಿನ್ನನ್ನ ಒಬ್ಬಳನ್ನೇ ಬಿಟ್ರೆ ಅಂಗಡಿನೇ ಹೊತ್ಕೊಂಡು ಬರ್ತೀಯ" ಎಂದು ಹಿಂದೆ ಬಂದಿದ್ದ. ಇಕ್ಕಟ್ಟಾದ ಬೀದಿ, ಎರಡೂ ಕಡೆ ಅದೇ ವ್ಯಾಪಾರ. ಕಿಟಕಿಗಳಲ್ಲಿ ಕೆಂಪು, ಹಸಿರು, ನೇರಳೆ ದೀಪಗಳು ಓಡಾಡುತ್ತಿದ್ದವು.

ಅವರು ಹೊಕ್ಕ ಅಂಗಡಿಯಾತ ಟೀಚರನ್ನು ಕಂಡದ್ದೇ ಕುರ್ಚಿಯಿಂದ ಎದ್ದು ನಿಂತ. ಹಳೆಯ ವಿದ್ಯಾರ್ಥಿ. ಹಿಮ್ಮುಖವಾಗಿ ಗಾಡಿ ನಿಲ್ಲಿಸುವುದನ್ನು ಕಲಿಯಲು ಇಡೀ ಬೇಸಿಗೆ ತೆಗೆದುಕೊಂಡಿದ್ದವನು.

"ಬನ್ನಿ ಟೀಚರ್, ಬನ್ನಿ. ಈಗಲೂ ಕನ್ನಡಿ ನೋಡ್ಕೊಂಡೇ ಓಡಿಸ್ತೀನಿ," ಎಂದ, ಯಾರೂ ಕೇಳದಿದ್ದರೂ. "ಏನು ಕೊಡಲಿ? ಫೋಟೋ ನೋಡೋಕಾ, ಪತ್ರ ಬರೆಯೋಕಾ?"

"ಇನ್ನೂರೈವತ್ತರಲ್ಲಿ ಹೋಗೋಕೆ," ಎಂದಳು ಟೀಚರ್.

ಅಂಗಡಿಯಾತ ಬೆಪ್ಪಾಗಿ ಗಂಡನ ಮುಖ ನೋಡಿದ. ಗಂಡ ಗೋಡೆಯ ಮೇಲಿನ ತಂತಿಗಳನ್ನು ನೋಡಿದ.

ಒಳಗೆ ಗಾಜಿನ ಕಪಾಟಿನಲ್ಲಿ ಒಂದು ಗ್ರಾಫಿಕ್ಸ್ ಕಾರ್ಡು ಮಲಗಿತ್ತು. ಮೊಳದುದ್ದ, ಇಟ್ಟಿಗೆಯಷ್ಟು ದಪ್ಪ, ಮೂರು ಫ್ಯಾನು, ಬೆನ್ನ ಮೇಲೆ ಬೆಳ್ಳಿ ಬಣ್ಣದ ಗೆರೆ. ಟೀಚರ್ ಅದರ ಮುಂದೆ ನಿಂತವಳು ಕದಲಲಿಲ್ಲ. ಒಡವೆ ಅಂಗಡಿಯಲ್ಲಿ ಕೂಡ ಹೆಂಡತಿ ಹಾಗೆ ನಿಂತದ್ದನ್ನು ಗಂಡ ಕಂಡಿರಲಿಲ್ಲ.

"ಎತ್ತಿ ನೋಡಬಹುದಾ?"

ಅಂಗಡಿಯಾತ ತೆಗೆದುಕೊಟ್ಟ. ಎರಡೂ ಕೈಯಲ್ಲಿ ಹಿಡಿದಳು. ತೂಕವಿತ್ತು. "ಇದೇ ಇರಲಿ," ಎಂದಳು.

"ದೊಡ್ಡಮ್ಮ, ಇದನ್ನ ತಗೊಂಡ್ರೆ ಪ್ರೊಸೆಸರಿಗೆ ಉಳಿಯೋದು ಚಿಲ್ಲರೆ ಅಷ್ಟೇ," ಎಂದಳು ತಂಗಿ ಮಗಳು.

"ಜೋಡಿ ಕೂಡಲ್ಲ ಟೀಚರ್," ಎಂದ ಆಡಿಟರ್.

"ಕೂಡ್ಕೊಳ್ಳತ್ತೆ ಬಿಡಿ. ನಾನೂ ಇವರೂ ಕೂಡ್ಕೊಂಡಿಲ್ವಾ."

ಗಂಡ ಕೆಮ್ಮಿದ. ವಾದ ಬೆಳೆಯಿತು. ತಂಗಿ ಮಗಳು ಫೋನಿನಲ್ಲಿ ಹೋಲಿಕೆಯ ನಕ್ಷೆ ತೋರಿಸಿದಳು, ಆಡಿಟರ್ ಎರಡೂ ಪೆನ್ನು ಹೊರಗೆ ತೆಗೆದ. ಟೀಚರ್ ಮಾತ್ರ ಆ ಕಾರ್ಡನ್ನು ಮಗುವಿನಂತೆ ತೋಳಲ್ಲಿ ಇಟ್ಟುಕೊಂಡು ಜಪ್ಪಯ್ಯ ಎನ್ನಲಿಲ್ಲ. ಕಡೆಗೆ ಅಂಗಡಿಯಾತನೇ ಒಂದು ಉಪಾಯ ಹೇಳಿದ. ಹಿಂದಿನ ಕೋಣೆಯಲ್ಲಿ ಎರಡು ಮೆಷೀನುಗಳಿವೆ. ಒಂದರಲ್ಲಿ ಇದೇ ದೊಡ್ಡ ಕಾರ್ಡು, ಜೊತೆಗೆ ಹಳೆಯ ಸಣ್ಣ ಪ್ರೊಸೆಸರ್. ಇನ್ನೊಂದರಲ್ಲಿ ಎರಡೂ ಮಧ್ಯಮ, ಒಂದಕ್ಕೊಂದು ಹೊಂದುವಂಥವು. ಸ್ಟೀರಿಂಗೂ ಇದೆ. ಓಡಿಸಿ ನೋಡಿಯೇ ಆರಿಸಲಿ.

ಟೀಚರ್ ಚಪ್ಪಲಿ ಕಳಚಿ ಕೂತಳು. ಮೊದಲು ದೊಡ್ಡ ಕಾರ್ಡಿನ ಮೆಷೀನು. ಪರದೆ ಬೆಳಗಿದಾಗ ಕೋಣೆಯಲ್ಲಿದ್ದವರೆಲ್ಲ ಒಮ್ಮೆ ಉಸಿರೆಳೆದುಕೊಂಡರು. ಮಳೆ ನಿಂತ ರಸ್ತೆ, ಹೊಂಡದ ನೀರಿನಲ್ಲಿ ಮೋಡ, ಮೋಡದ ಅಂಚಿನಲ್ಲಿ ಬಿಸಿಲು. ಒಂಟಿಯಾಗಿ ಒಂದು ಸುತ್ತು ಹೋದಳು, ಬೆಣ್ಣೆಯ ಮೇಲೆ ಕತ್ತಿ ಹೋದ ಹಾಗೆ. ಆಕೆ ಗೆದ್ದವಳಂತೆ ಆಡಿಟರನ ಕಡೆ ನೋಡಿದಳು. ಅವನು, "ಈಗ ಇಪ್ಪತ್ತು ಕಾರು ಹಾಕಿ," ಎಂದ ಅಷ್ಟೇ.

ಇಪ್ಪತ್ತು ಕಾರು ಒಟ್ಟಿಗೆ ಹೊರಟವು. ಮೊದಲ ತಿರುವಿನಲ್ಲಿ ಎಲ್ಲವೂ ಒಂದರ ಮೈಗೊಂದು ಉಜ್ಜಿಕೊಂಡು ಒಳನುಗ್ಗಿದಾಗ ಪರದೆ ತಡವರಿಸಿತು. ಒಂದು ಚಿತ್ರ ನಿಂತೇ ಹೋಗಿ, ಮುಂದಿನದು ಹಾರಿ ಬಂತು. ಮತ್ತೆ ನಿಂತಿತು, ಮತ್ತೆ ಹಾರಿತು. ಆಕೆಯ ಬಲಗಾಲು ಗಾಳಿಯಲ್ಲೇ ನಿಂತಿತು.

"ಯಾರು ಕ್ಲಚ್ ಎತ್ತಿದ್ದು?" ಎಂದಳು, ಪಾಠದ ದನಿಯಲ್ಲಿ.

ಅಂಗಡಿಯಾತ ಒಂದು ಹೆಜ್ಜೆ ಹಿಂದೆ ಸರಿದ. "ನಾನಲ್ಲ ಟೀಚರ್."

"ಪ್ರೊಸೆಸರು," ಎಂದ ಆಡಿಟರ್. "ಲೆಕ್ಕ ಮುಗಿದಿಲ್ಲ. ಕಾರ್ಡು ಕೈಕಟ್ಟಿ ನಿಂತಿದೆ."

ಎರಡನೆಯ ಮೆಷೀನಿನಲ್ಲಿ ಹೊಂಡದ ನೀರಿನ ಮೋಡ ಅಷ್ಟು ಸ್ಪಷ್ಟವಿರಲಿಲ್ಲ. ಆದರೆ ಇಪ್ಪತ್ತು ಕಾರುಗಳ ಸಂದಣಿಯಲ್ಲಿ ನುಗ್ಗಿದರೂ ಒಂದು ಕೊಂಕಿಲ್ಲ, ಬಿಕ್ಕಿಲ್ಲ. ಸ್ಟೀರಿಂಗು ತಿರುಗಿಸಿದ ಕೂಡಲೇ ಕಾರು ತಿರುಗಿತು, ಮನಸ್ಸಿಗಿಂತ ಒಂದು ಕೂದಲೆಳೆ ಮೊದಲೇ ಎನ್ನುವಂತೆ. ಒಂಬತ್ತನೆಯವಳಾಗಿ ಬಂದಳು. ಅಷ್ಟರಲ್ಲೇ ತೀರ್ಮಾನ ಆಗಿಹೋಗಿತ್ತು, ಆಕೆ ಮಾತ್ರ ಬಾಯಿ ಬಿಡಲಿಲ್ಲ.

"ಇನ್ನೂ ಗೊತ್ತಾಗ್ತಾ ಇಲ್ಲ," ಎಂದಳು. "ಇನ್ನೊಂದು ಸಲ ನೋಡ್ತೀನಿ."

ಇನ್ನೊಂದು ಸಲ ನೋಡಿದಳು. ಮತ್ತೂ ಒಂದು ಸಲ. ಆರನೆಯವಳಾದಳು, ಗೋಡೆಗೆ ಬಡಿದಳು, ನಕ್ಕಳು. ನಗು ಕೇಳಿ ಹೊರಗಿನ ಗಿರಾಕಿಗಳು ಒಳಗೆ ಇಣುಕಿದರು. ಪಕ್ಕದ ಅಂಗಡಿಯವರು ಬಂದರು. "ಗಂಡನೂ ನೋಡ್ಲಿ, ಮನೆಗೆ ತಗೊಳ್ಳೋ ಸಾಮಾನು," ಎಂದು ಯಾರೋ ಅವನನ್ನು ಕುರ್ಚಿಗೆ ತಳ್ಳಿದರು. ಜೀವಮಾನವೆಲ್ಲ ಸಾಸಿವೆಯಷ್ಟು ಸಣ್ಣ ತಿರುಪುಗಳ ಜೊತೆ ಬದುಕಿದ ಮನುಷ್ಯ ಗಂಭೀರವಾಗಿ ಕನ್ನಡಕ ಒರೆಸಿ ಹಾಕಿಕೊಂಡು, ಹಸಿರು ದೀಪ ಬಿದ್ದೊಡನೆ ಹಿಂದಕ್ಕೆ ಹೊರಟ. ಹಿಂದಿನ ಹತ್ತು ಕಾರುಗಳನ್ನು ಗುದ್ದಿ, ಬೇಲಿ ಮುರಿದು, ಹುಲ್ಲುಗಾವಲಿನಲ್ಲಿ ಗಿರಗಿರನೆ ಸುತ್ತಿ ನಿಂತ. "ಗಾಡಿ ಒಳ್ಳೇದು," ಎಂದ, ಎದ್ದು ನಿಂತು. ಆಮೇಲೆ ಅವನಿಗೇ ತಡೆಯಲಾಗದೆ ಗೋಡೆ ಹಿಡಿದುಕೊಂಡು ನಕ್ಕ.

ಅಂಗಡಿ ಮುಚ್ಚುವ ಹೊತ್ತಿಗೆ ಟೀಚರ್ ದೊಡ್ಡ ಕಾರ್ಡಿನ ಕಪಾಟಿನ ಮುಂದೆ ಇನ್ನೊಮ್ಮೆ ನಿಂತು, ಗಾಜಿನ ಮೇಲೆ ಬೆರಳಿಟ್ಟು, "ನಿನ್ನನ್ನ ಕಟ್ಕೊಳ್ಳೋಕೆ ನನ್ನ ಹತ್ರ ಅಂಥ ಪ್ರೊಸೆಸರ್ ಇಲ್ಲಪ್ಪ," ಎಂದು ಬೀಳ್ಕೊಂಡು, ಎರಡೂ ಮಧ್ಯಮದ ಜೋಡಿಯನ್ನೇ, ಪರದೆ, ಸ್ಟೀರಿಂಗು ಸಮೇತ, ಬಿಡಿಬಿಡಿಯಾಗಿ ಡಬ್ಬಗಳಲ್ಲಿ ಕಟ್ಟಿಸಿಕೊಂಡಳು. ಪ್ರೊಸೆಸರಿನ ಡಬ್ಬ ಕೆಂಪೋ ನೀಲಿಯೋ ಎಂದು ಸೋಮವಾರ ಪಾಠಕ್ಕೆ ಬಂದ ಔಷಧಿ ಅಂಗಡಿಯವನು ಕೇಳಿದಾಗ, "ಗಡಿಬಿಡೀಲಿ ನೋಡಲಿಲ್ಲ," ಎಂದುಬಿಟ್ಟಳು. ಅವನು ಆ ವಾರವೆಲ್ಲ ಸರಿಯಾಗಿ ಗೇರು ಹಾಕಲಿಲ್ಲ.

ಜೋಡಿಸುವ ಕೆಲಸ ಭಾನುವಾರ ಮನೆಯ ನಡುಕೋಣೆಯಲ್ಲಿ ನಡೆಯಿತು. ಊಟದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಸಾಮಾನುಗಳನ್ನು ಹರಡಿದರು. ತಂಗಿ ಮಗಳು ಹೇಳುವುದು, ಗಂಡ ಮಾಡುವುದು. ಪ್ರೊಸೆಸರನ್ನು ಅವನು ಕನ್ನಡಕದ ಗಾಜು ಹಿಡಿಯುವ ಚಿಮಟದಂಥ ಎರಡು ಬೆರಳಲ್ಲಿ ಎತ್ತಿ, ಉಸಿರೂ ಬಿಡದೆ ಅದರ ಮನೆಯಲ್ಲಿ ಕೂರಿಸಿದ. ತಿರುಪುಗಳಂತೂ ಅವನ ಕೈಗೆ ನೀರು ಕುಡಿದಷ್ಟು ಸಲೀಸು. ಗ್ರಾಫಿಕ್ಸ್ ಕಾರ್ಡು ಟಕ್ಕೆಂದು ಕೂತಾಗ ಟೀಚರ್ ಎದೆಯೂ ಟಕ್ಕೆಂದಿತು. ಅತ್ತೆ ಮೇಜಿನ ಹಿಂದೆ, ಗೋಡೆಯ ಕಡೆ, ತಮ್ಮ ಮಣೆಯ ಮೇಲೆ ಕೂತು ಎಲ್ಲ ನೋಡುತ್ತಿದ್ದರು.

ಗುಂಡಿ ಒತ್ತಿದರು. ಫ್ಯಾನುಗಳು ತಿರುಗಿದವು. ದೀಪಗಳು ಹತ್ತಿದವು. ಪರದೆ ಮಾತ್ರ ಕಪ್ಪು.

ಎಲ್ಲರೂ ಅದರ ಮುಂದೆ ನಿಂತರು. ತಂಗಿ ಮಗಳ ಅರಳು ಹುರಿಯುವ ಬಾಯಿ ಮೊದಲ ಸಲ ಮುಚ್ಚಿತು. ಆರಿಸಿ ಮತ್ತೆ ಹಾಕಿದರು. ಕಪ್ಪು. ಗಂಡ ಬೆವರು ಒರೆಸಿಕೊಂಡ, ಎಲ್ಲ ತಿರುಪುಗಳನ್ನೂ ಬಿಚ್ಚಿ ಮತ್ತೆ ಬಿಗಿದ. ಕಪ್ಪೇ. ಆಡಿಟರಿಗೆ ಫೋನು ಮಾಡಿದರೆ, ಹೊಸ ಲೈಸೆನ್ಸಿನವನು, ಗಾಡಿ ಓಡಿಸುವಾಗ ಫೋನು ಎತ್ತಲಿಲ್ಲ. ಅದಕ್ಕೂ ಟೀಚರ್‌ಗೆ ಒಳಗೊಳಗೆ ಹೆಮ್ಮೆಯಾಯಿತು, ಆದರೆ ಜೀವ ಬಾಯಿಗೆ ಬಂದಿತ್ತು.

"ನನಗೊಂದು ಅನುಮಾನ," ಎಂದರು ಅತ್ತೆ, ಮಣೆಯ ಮೇಲಿಂದ.

"ಸ್ವಲ್ಪ ಇರಮ್ಮ," ಎಂದ ಮಗ.

"ಇರ್ತೀನಿ. ಹೋಗೋಕೆ ಎಲ್ಲಿದೆ ನನಗೆ. ಟಿವಿ ತರ ಇದೆಯಲ್ಲ, ಅದರ ಹಗ್ಗ ಮೇಲಿನ ತೂತಿಗೆ ಹೋಗಿದೆ. ಇಷ್ಟೆಲ್ಲ ಗಲಾಟೆ ಮಾಡಿ ತಂದಿರೋ ಆ ಕಾರ್ಡಿಗೂ ಇಲ್ಲಿ ಕೆಳಗೆ ನಾಲ್ಕು ಬಾಯಿ ಇದೆ. ಒಂದಕ್ಕೂ ಏನೂ ಕೊಟ್ಟಿಲ್ಲ."

ತಂಗಿ ಮಗಳು ಮೇಜಿನ ಹಿಂದೆ ಬಗ್ಗಿ ನೋಡಿ, ಹಣೆ ಚಚ್ಚಿಕೊಂಡು, ವೈರನ್ನು ಕಿತ್ತು ಕೆಳಗೆ ಕಾರ್ಡಿನ ತೂತಿಗೆ ಸಿಕ್ಕಿಸಿದಳು. ಪರದೆ ಫಳ್ಳೆಂದು ಬೆಳಗಿತು. ಟೀಚರ್ ಅತ್ತೆಯ ಎರಡೂ ಕೆನ್ನೆ ಹಿಡಿದು ಮುತ್ತಿಟ್ಟಳು. ಸೊಸೆಯಾಗಿ ಬಂದಂದಿನಿಂದ ಹಾಗೆ ಮಾಡಿದವಳಲ್ಲ. ಅತ್ತೆ ಕೆನ್ನೆ ಒರೆಸಿಕೊಂಡು, "ಆಯ್ತು ಆಯ್ತು, ಆಟ ಹಾಕು," ಎಂದರು.

ಆ ಮನೆಯಲ್ಲಿ ಆಮೇಲೆ ಸರದಿ ಶುರುವಾಯಿತು. ಬೆಳಗ್ಗೆ ಪಾಠಕ್ಕೆ ಹೋಗುವ ಮುಂಚೆ ಟೀಚರ್ ಮೂರು ಸುತ್ತು ಓಡಿಸಿ ಕೆನ್ನೆ ಕೆಂಪು ಮಾಡಿಕೊಂಡು ಇಳಿಯುತ್ತಿದ್ದಳು. ಕಲಿಯಲು ಬಂದವರ ಮೇಲೆ ರೇಗುವುದು ಕಡಿಮೆಯಾಯಿತು. ಯಾರಾದರೂ ಕಂಬದ ಕಡೆ ಗಾಡಿ ತಿರುಗಿಸಿದರೆ, ಕಾಲು ತನ್ನ ಕೆಲಸ ತಾನು ಮಾಡುತ್ತಿರುವಾಗ, ಆಕೆ ಕಿಟಕಿಯ ಹೊರಗೆ ನೋಡುತ್ತ ಹಾಡು ಗುನುಗುತ್ತಿದ್ದಳು. ಗಿರಾಕಿಗಳಿಲ್ಲದಾಗ ಗಂಡ ಮೇಲೆ ಬಂದು, ಯಾರಿಗೂ ಕಾಣದಂತೆ ಎರಡು ಬೇಲಿ ಮುರಿದು ಹೋಗುತ್ತಿದ್ದ. ಆಡಿಟರ್ ತನ್ನ ಮನೆಯಿಂದಲೇ ಆಟಕ್ಕೆ ಸೇರುತ್ತಿದ್ದ. ಪರದೆಯಲ್ಲಿ ಅವನನ್ನು ಹಿಡಿಯುವವರೇ ಇರಲಿಲ್ಲ.

ಮಧ್ಯಾಹ್ನದ ಹೊತ್ತು ಅತ್ತೆಯದು. ಒಂದು ದಿನ ಟೀಚರ್ ಪಾಠ ರದ್ದಾಗಿ ಬೇಗ ಮನೆಗೆ ಬಂದು, ಚಪ್ಪಲಿ ಬಾಗಿಲಲ್ಲೇ ಎಸೆದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ ಒಳಗೆ ನುಗ್ಗಿದಳು. ಅತ್ತೆ ಕುರ್ಚಿಯಲ್ಲಿ ಎರಡು ದಿಂಬಿನ ಮೇಲೆ ಕೂತಿದ್ದರು. ಕಾಲಿಗೆ ಪೆಡಲ್ಲು ಎಟುಕುವಂತೆ ಕೆಳಗೆ ಮಣೆಯ ಮೇಲೆ ಪೆಡಲುಗಳನ್ನೇ ಎತ್ತಿ ಇಟ್ಟಿದ್ದರು. ಪರದೆಯಲ್ಲಿ ಮುನ್ನೂರರ ವೇಗದಲ್ಲಿ ಹೋಗಬಲ್ಲ ಕೆಂಪು ಕಾರು ಸಮುದ್ರದ ದಂಡೆಯ ರಸ್ತೆಯಲ್ಲಿ ನಡಿಗೆಗಿಂತ ಕೊಂಚ ಜೋರಾಗಿ ಹೋಗುತ್ತಿತ್ತು.

"ಅತ್ತೆ, ಸ್ವಲ್ಪ ಒತ್ತಿ. ರೇಸು ಅದು."

"ಅವರೆಲ್ಲ ಹೋದ್ರು. ಹೋಗಲಿ." ಅತ್ತೆ ಕಾರನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿದರು. ಇಂಡಿಕೇಟರ್ ಕೂಡ ಹಾಕಿದ್ದರು. "ಆ ನೀರು ನೋಡು. ಅಲೆ ಬಂದು ಬಂಡೆಗೆ ಹೊಡೆದು ಹೇಗೆ ಪುಡಿ ಆಗತ್ತೆ ನೋಡು. ಬೆಳಗ್ಗೆ ಬಂದ್ರೆ ಬೇರೆ ಬಣ್ಣ, ಈಗ ಬೇರೆ ಬಣ್ಣ."

ಟೀಚರ್ ನೋಡಿದಳು. ನಿಜವೇ, ಆ ತಿರುವಿನಲ್ಲಿ ತಾನು ನೂರಾರು ಸಲ ಹೋಗಿದ್ದರೂ ಅಲ್ಲಿ ಸಮುದ್ರವಿದೆಯೆಂದೇ ಗಮನಿಸಿರಲಿಲ್ಲ. ಒಂದು ಸುತ್ತು ಮುಗಿಸಿ ಹಿಂದಿನಿಂದ ಬಂದ ಹತ್ತೊಂಬತ್ತು ಕಾರುಗಳು ಕಿರುಚುತ್ತ ಪಕ್ಕದಲ್ಲಿ ಹಾದುಹೋದವು. ಅತ್ತೆ ಒಂದಕ್ಕೂ ಕತ್ತು ತಿರುಗಿಸಲಿಲ್ಲ.

"ಇನ್ನು ಎಷ್ಟು ಹೊತ್ತು ಅತ್ತೆ?"

"ಈಗ ತಾನೇ ಬಂದಿದ್ದೀನಿ. ನೀನೂ ಆ ಸ್ಟೂಲು ಎಳ್ಕೊಂಡು ಕೂತ್ಕೋ."

ಟೀಚರ್ ನಗುತ್ತ ಸ್ಟೂಲು ಎಳೆದುಕೊಂಡು ಅತ್ತೆಯ ಪಕ್ಕದಲ್ಲಿ ಕೂತಳು. ಅಷ್ಟರಲ್ಲಿ ಕೆಳಗಿನಿಂದ ಗಂಡನ ಹೆಜ್ಜೆ ಮೆಟ್ಟಿಲ ಮೇಲೆ ಕೇಳಿಸಿತು. "ಸರದಿ ಇದೆ," ಎಂದು ಅತ್ತೆ ಸೊಸೆ ಒಟ್ಟಿಗೆ ಕೂಗಿದರು.